ಗಾಳಿ ಜಾಸ್ತಿಯಾದಾಗ ರೆಕ್ಕೆ, ಹಾಯಿ ಉಳಿಯುವುದು ಹೇಗೆ?

ಕಣದಲ್ಲಿ ರಾಗಿ ತೂರಲು ಗಾಳಿ ಬೇಕು. ಅದೇ ಗಾಳಿ ತೀರಾ ಜೋರಾದರೆ ಹೊಟ್ಟಿನ ಜೊತೆ ಕಾಳೂ ಹಾರಿಹೋಗುತ್ತದೆ. ಆಗ ಮೊರ ಕೆಳಗಿಡಬೇಕು. ಚಿತ್ರದುರ್ಗದ ಬೆಟ್ಟದ ಮೇಲಿನ ಗಾಳಿಯಂತ್ರಕ್ಕೂ, ಕಡಲಿನ ಹಾಯಿದೋಣಿಗೂ ಇದೇ ಲೆಕ್ಕ.

ಮೊದಲು ಗಾಳಿಯಂತ್ರ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ಗಂಟೆಗೆ ಸುಮಾರು 45 ಕಿ.ಮೀ. ವೇಗಕ್ಕೇ ಜನರೇಟರ್‌ಗೆ ಬೇಕಾದಷ್ಟು ಸಿಕ್ಕಿಬಿಡುತ್ತದೆ. ಅಲ್ಲಿಂದ ಮುಂದೆ ಪ್ರತಿ ರೆಕ್ಕೆಯ ಬುಡದಲ್ಲಿರುವ ಮೋಟಾರು ರೆಕ್ಕೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತದೆ. ಮೊರವನ್ನು ಗಾಳಿಗೆ ಅಡ್ಡ ಹಿಡಿದು ನೋಡಿ, ಕೈ ಜಗ್ಗುತ್ತದೆ. ಅಂಚನ್ನು ಗಾಳಿಯ ಕಡೆ ತಿರುಗಿಸಿ, ಹಗುರಾಗುತ್ತದೆ ಅಲ್ವಾ? ರೆಕ್ಕೆ ಮಾಡುವುದೂ ಅದನ್ನೇ.

ವೇಗ 90 ಕಿ.ಮೀ. ಮುಟ್ಟಿದರೆ ಬಹುತೇಕ ಯಂತ್ರಗಳು ಕೆಲಸ ನಿಲ್ಲಿಸುತ್ತವೆ. ಬ್ರೇಕ್ ಹಾಕಿ ನಿಲ್ಲಿಸುತ್ತಾರೆ ಅಂತ ಅನೇಕರು ಅಂದುಕೊಂಡಿದ್ದಾರೆ. ಹಾಗಲ್ಲ. ರೆಕ್ಕೆಗಳು ಪೂರ್ತಿ ಅಂಚು ಕೊಟ್ಟು ನಿಂತಾಗ ವೇಗ ತಾನಾಗಿ ಇಳಿಯುತ್ತದೆ. ಕರೆಂಟ್ ಹೋದರೂ ರೆಕ್ಕೆ ಹೀಗೆ ಗಾಳಿಗೆ ಅಂಚು ಕೊಟ್ಟು ನಿಲ್ಲಲೇಬೇಕು. ಅದಕ್ಕೆಂದೇ ಬ್ಯಾಟರಿಯಂಥ ಬೇರೆ ಏರ್ಪಾಡು ಇರುತ್ತದೆ. ಇಡೀ ಯಂತ್ರದ ಜೀವ ಇರುವುದು ಇಲ್ಲೇ ಅನ್ನುವುದು ನನ್ನ ಅನಿಸಿಕೆ.

ದೋಣಿಯಲ್ಲಿ ಈ ಕೆಲಸ ಕೈಯಿಂದಲೇ ಆಗಬೇಕು. ಗಾಳಿ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟು. ಹಾಗಾಗಿ ಹಾಯಿಯನ್ನೇ ಚಿಕ್ಕದು ಮಾಡುತ್ತಾರೆ. ಇದಕ್ಕೆ ರೀಫ್ ಮಾಡುವುದು ಅಂತಾರೆ. ದೋಣಿಯ ಮೂತಿಯನ್ನು ಗಾಳಿಯ ಕಡೆ ಸ್ವಲ್ಪ ತಿರುಗಿಸಿ, ಹಾಯಿಯ ಹಗ್ಗ ಸಡಿಲ ಬಿಡಿ. ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ಗಾಬರಿ ಬೇಡ. ಅದನ್ನು ಒಂದಷ್ಟು ಕೆಳಗಿಳಿಸಿ. ಮುಂದಿನ ಅಂಚಿನ ಬಳೆಯನ್ನು ಕಂಬದ ಬಳಿ ಇರುವ ಕೊಕ್ಕೆಗೆ ಸಿಕ್ಕಿಸಿ. ಹಾಯಿಯನ್ನು ಮತ್ತೆ ಬಿಗಿಯಾಗಿ ಏರಿಸಿ, ಆಮೇಲೆ ಹಿಂದಿನ ಅಂಚಿನ ಹಗ್ಗ ಎಳೆದು ಬಿಗಿ ಮಾಡಿ. ಜೋತುಬಿದ್ದ ಬಟ್ಟೆಯನ್ನು ಮಡಚಿ ಕಟ್ಟಿ. ‘ರೀಫ್ ಮಾಡೋಣವೇ?’ ಅಂತ ಮನಸ್ಸಿಗೆ ಬಂದಾಗಲೇ ಮಾಡಿಬಿಡಬೇಕು. ತಡವಾದರೆ ಓಲಾಡುವ ದೋಣಿಯಲ್ಲಿ, ಒದ್ದೆ ಕೈಯಲ್ಲಿ ಇದೇ ಕೆಲಸ ಪ್ರಾಣಕ್ಕೆ ಬರುತ್ತದೆ.

2024ರ ಅಕ್ಟೋಬರ್‌ನಲ್ಲಿ ನೌಕಾಪಡೆಯ ದಿಲ್ನಾ ಮತ್ತು ರೂಪಾ 17 ಮೀಟರ್ ಉದ್ದದ ‘ತಾರಿಣಿ’ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟರು. ಇಬ್ಬರೇ ಭೂಮಿ ಸುತ್ತಿ 2025ರ ಮೇ ತಿಂಗಳಲ್ಲಿ ಮರಳಿದರು. ಅಷ್ಟೂ ದಿನ ಹಾಯಿ ಏರಿಸಿ ಇಳಿಸಲು ಇದ್ದದ್ದು ನಾಲ್ಕೇ ಕೈ.

ರೀಫ್ ಸಾಲದಷ್ಟು ಗಾಳಿ ಬಂದರೆ? ಮುಂದಿನ ಪುಟ್ಟ ಹಾಯಿಯನ್ನು ಗಾಳಿ ಬರುವ ಬದಿಗೇ ಎಳೆದು ಕಟ್ಟಿ. ಮೂತಿ ಗಾಳಿಯ ಕಡೆ ಹೊರಳುವಂತೆ ಚುಕ್ಕಾಣಿಯನ್ನು ಬಿಗಿಯಿರಿ. ಹಾಯಿ ಆ ಕಡೆ ತಳ್ಳುತ್ತದೆ, ಚುಕ್ಕಾಣಿ ಈ ಕಡೆ. ದೋಣಿ ಹೆಚ್ಚು ಮುಂದೆ ಹೋಗದೆ ಮೆಲ್ಲಗೆ ತೇಲುತ್ತಿರುತ್ತದೆ. ಒಳಗಿದ್ದವರು ಟೀ ಕಾಸಿಕೊಂಡು, ಸರದಿಯಂತೆ ಒಂದಿಷ್ಟು ಹೊತ್ತು ಮಲಗಬಹುದು.