‘ಇದು ನನ್ನ ಕೈಲಿ ಆಗುತ್ತೆ’ ಅನ್ನುವ ನಂಬಿಕೆ: ಡಿಸೈನ್ ವಿದ್ಯಾರ್ಥಿಗಳು ಬೆಳೆಸಿಕೊಳ್ಳುವುದು ಹೇಗೆ?

“ನಂಗೆ ಕ್ರಿಯೇಟಿವಿಟಿನೇ ಇಲ್ಲ ಸರ್.” ಡಿಸೈನ್ ಸ್ಟುಡಿಯೋದಲ್ಲಿ ಪಾಠ ಮಾಡುವ ನನಗೆ ಜಾಸ್ತಿ ಕೇಳಿಸುವ ಮಾತು ಇದು. ಹಾಗಂದವರ ಜೊತೆ ನಾನು ವಾದ ಮಾಡುವುದಿಲ್ಲ. ಕೈಗೆ ಒಂದು ಹಾಳೆ ಕೊಡುತ್ತೇನೆ. ನೀವೂ ಒಂದು ಹಾಳೆ ತಗೊಳ್ಳಿ.

ಈಗಿನ ಪ್ರಾಜೆಕ್ಟನ್ನು ಬಿಡಿ ಬಿಡಿ ಕೆಲಸಗಳಾಗಿ ಬರೆಯಿರಿ. ಬಳಸುವವರನ್ನು ಮಾತಾಡಿಸುವುದು, ಸಮಸ್ಯೆ ಏನೆಂದು ಎರಡು ಸಾಲಲ್ಲಿ ಹೇಳುವುದು, ಸ್ಕೆಚ್, ಮಾಡೆಲ್, ಟೆಸ್ಟಿಂಗ್, ಕೊನೆಗೆ ಪರೀಕ್ಷಕರ ಮುಂದೆ ಕೆಲಸ ವಿವರಿಸುವ ಜ್ಯೂರಿ. ಒಂದೊಂದನ್ನೂ ಮಾಡಬಲ್ಲೆ ಅನ್ನುವ ಧೈರ್ಯ ಎಷ್ಟಿದೆ ಅಂತ 0ರಿಂದ 100ರೊಳಗೆ ಅಂಕ ಹಾಕಿ. ಇಂಥ ಅಳತೆಯನ್ನು ಸೂಚಿಸಿದವರು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ. ‘ಇದು ನನ್ನ ಕೈಲಿ ಆಗುತ್ತೆ’ ಅನ್ನುವ ಈ ನಂಬಿಕೆಯ ಬಗ್ಗೆ ಅವರು 1977ರಲ್ಲೇ ಬರೆದಿದ್ದರು. ಅದು ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ. ಸ್ಕೆಚ್‌ಗೆ 80 ಹಾಕಿದವರೇ ಜ್ಯೂರಿಗೆ 20 ಹಾಕುತ್ತಾರೆ. ಈಗ ಹೇಳಿ, ಕೊರತೆ ಇರುವುದು ಕ್ರಿಯೇಟಿವಿಟಿಯಲ್ಲೋ, ಒಂದು ಕೆಲಸದ ಧೈರ್ಯದಲ್ಲೋ?

ಆ 20ನ್ನೇ ಹಿಡಿಯಿರಿ. ಈ ನಂಬಿಕೆ ಹುಟ್ಟುವುದಕ್ಕೆ ಬಂಡೂರ ನಾಲ್ಕು ದಾರಿ ಹೇಳಿದ್ದಾರೆ. ಎಲ್ಲಕ್ಕಿಂತ ಗಟ್ಟಿಯಾದದ್ದು, ಸ್ವತಃ ಮಾಡಿ ಮುಗಿಸಿದ ಅನುಭವ. ಹಾವಿಗೆ ವಿಪರೀತ ಹೆದರುವವರಿಗೆ ಅವರು ಹಂತ ಹಂತವಾಗಿ ಧೈರ್ಯ ತುಂಬಿದರು. ಮೊದಲು ನೋಡುವುದು, ಆಮೇಲೆ ಗ್ಲೌಸ್ ಹಾಕಿ ಮುಟ್ಟುವುದು, ಕೊನೆಗೆ ಬರಿಗೈಲಿ ಹಿಡಿಯುವುದು. ಜ್ಯೂರಿಗೂ ಹಾಗೇ ಮಾಡಿ. ಒಂದೇ ಸ್ಕೆಚ್ಚನ್ನು ಒಬ್ಬ ಗೆಳತಿಗೆ ವಿವರಿಸಿ. ಮರುದಿನ, ಪ್ರಶ್ನೆ ಕೇಳುವ ಮೂವರ ಮುಂದೆ ಹೇಳಿ. ಹಂತ ತೀರಾ ಸುಲಭ ಆಗಬಾರದು. ಸ್ವಲ್ಪ ತಿಣುಕಿ ಗೆದ್ದದ್ದೇ ಮನಸ್ಸಲ್ಲಿ ನಿಲ್ಲುತ್ತದೆ.

ಹಳೇ ಮಾಡೆಲ್ ಎಸೆಯಬೇಡಿ. ಒಬ್ಬ ವಿದ್ಯಾರ್ಥಿನಿ ಕೆಟಲ್ ಹಿಡಿಕೆಗೆ ಮಾಡಿದ ಫೋಮ್ ತುಂಡುಗಳನ್ನೆಲ್ಲ ಕಿಟಕಿ ಕಟ್ಟೆ ಮೇಲೆ ಜೋಡಿಸಿದ್ದಳು. ಮೊದಲನೆಯದು ದಪ್ಪ, ಬೆರಳು ಸುತ್ತಲೂ ಬರುತ್ತಿರಲಿಲ್ಲ. ಮುಂದಿನದರಲ್ಲಿ ಹೆಬ್ಬೆರಳಿಗೆ ಗುಳಿ ಬಂತು. ಅದರ ಮುಂದಿನದರಲ್ಲಿ ಅಂಗೈ ಕೂರುವ ಜಾಗವನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ಇಳಿಸಿದ್ದಳು. ಕೈ ಪಳಗಿದ್ದನ್ನು ಅವಳಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ.

ಎರಡನೇ ದಾರಿ, ನಿಮ್ಮಂಥವರೇ ಮಾಡುವುದನ್ನು ನೋಡುವುದು. ಮುಗಿದ ಪೋರ್ಟ್‌ಫೋಲಿಯೋಗಳನ್ನು ಸುಮ್ನೆ ಸ್ಕ್ರೋಲ್ ಮಾಡಿದರೆ ಎದೆ ಕುಗ್ಗುತ್ತದೆ ಅಷ್ಟೇ. ಪಕ್ಕದ ಟೇಬಲ್‌ನವರು ಎಲ್ಲಿ ಸಿಕ್ಕಿಕೊಂಡರು, ಹೇಗೆ ಬಿಡಿಸಿಕೊಂಡರು ಅಂತ ನೋಡಿ. ಮೂರನೆಯದು ಮಾತು. ‘ಸೂಪರ್’ ಅಂದರೆ ಏನೂ ಸಿಗುವುದಿಲ್ಲ. “ಯಾವ ಭಾಗ ಕೆಲಸ ಮಾಡ್ತಿದೆ, ಯಾಕೆ?” ಅಂತ ಕೇಳಿ ಬರೆದುಕೊಳ್ಳಿ. ಮೇಷ್ಟ್ರುಗಳೇ, ಇದು ನಮಗೂ ಸೇರಿದ್ದು. ಕೊನೇ ದಿನ ಮಾತ್ರ ಬಾಯಿ ಬಿಡುವ ಸ್ಟುಡಿಯೋ ಮಕ್ಕಳಿಗೆ ಅನ್ಯಾಯ ಮಾಡುತ್ತದೆ.

ನಾಲ್ಕನೆಯದು ದೇಹ. ಜ್ಯೂರಿಗೆ ಮುಂಚೆ ಎದೆ ಡವಗುಟ್ಟಿದರೆ ತಯಾರಿ ಇಲ್ಲ ಅಂತ ಅಂದುಕೊಳ್ಳಬೇಡಿ. ಹಿಂದಿನ ರಾತ್ರಿ ನಿದ್ದೆ ಮಾಡಿ.

ಎರಡು ವಾರ ಬಿಟ್ಟು, ಹಳೇ ಹಾಳೆ ನೋಡದೆ ಮತ್ತೆ ಅಂಕ ಹಾಕಿ. 20 ಅಲ್ಲೇ ನಿಂತಿದ್ದರೆ ನೀವು ಇಟ್ಟ ಹಂತ ದೊಡ್ಡದಾಯಿತು. ಅದನ್ನು ಎರಡು ಭಾಗ ಮಾಡಿ, ಮೊದಲನೆಯದನ್ನು ನಾಳೆ ಶುರು ಮಾಡಿ.