258 ನಡೆಗಳು ಎಲ್ಲಿ ಹೋದವು?

ಚೆಸ್ ಆಡುವ ಪ್ರೋಗ್ರಾಮ್ ಬರೆಯೋಣ ಅಂತ ಕೂತಾಗ, ಕಂಪ್ಯೂಟರ್‌ಗೆ ಯೋಚನೆ ಮಾಡಲು ಕಲಿಸುವುದೇ ಕಷ್ಟ ಅಂದುಕೊಂಡಿದ್ದೆ. ಅದು ಒಂದೇ ಶನಿವಾರದಲ್ಲಿ ಮುಗಿಯಿತು. ಕಾಯಿಗಳನ್ನು ನಿಯಮದಂತೆ ನಡೆಸುವುದಕ್ಕೆ ಮೂರು ವಾರ ಹಿಡಿಯಿತು.

ಮೊದಲು ಬೋರ್ಡು. ಮನೆಗಳು 64 ಇದ್ದರೂ ಪೈಥಾನ್‌ನಲ್ಲಿ 120 ಜಾಗದ ಲಿಸ್ಟ್ ಮಾಡಿದೆ. ಮೇಲೆ ಎರಡು ಸಾಲು, ಕೆಳಗೆ ಎರಡು ಸಾಲು, ಎಡಕ್ಕೂ ಬಲಕ್ಕೂ ಒಂದೊಂದು ಕಂಬಸಾಲು ಬರೀ ಬೇಲಿ. ಕುದುರೆ ಎರಡು ಮನೆ ಹಾರುತ್ತದಲ್ವಾ, ಅದಕ್ಕೇ ಮೇಲೆ ಕೆಳಗೆ ಎರಡೆರಡು. ಪಕ್ಕಕ್ಕೆ ಒಂದೇ ಸಾಕು. ಬಲಗಡೆಯ ಬೇಲಿ ದಾಟಿದರೆ ಸಿಗುವುದು ಮುಂದಿನ ಸಾಲಿನ ಎಡಗಡೆಯ ಬೇಲಿಯೇ. ಕುದುರೆ ನಡೆ ಅಂದರೆ ನಿಂತಿರುವ ಜಾಗದ ಸಂಖ್ಯೆಗೆ 8, 12, 19 ಅಥವಾ 21 ಕೂಡಿಸುವುದು, ಇಲ್ಲವೇ ಕಳೆಯುವುದು. ಬೇಲಿಗೆ ಬಿದ್ದರೆ ಆ ನಡೆ ಇಲ್ಲ. ಆನೆ, ಒಂಟೆ, ಮಂತ್ರಿಗೆ ಏನಾದರೂ ಅಡ್ಡ ಬರುವ ತನಕ ಓಡುವ ಒಂದು ಲೂಪ್. ರಾಜನಿಗೆ ಚೆಕ್ ಬೀಳುತ್ತದೋ ಅಂತ ತಿಳಿಯಲು ನಡೆಯನ್ನು ಆಡಿ, ನೋಡಿ, ವಾಪಸ್ ತೆಗೆಯುವುದು.

ಎಲ್ಲ ಸರಿ ಇದೆಯಾ ಅಂತ ನೋಡಲು ಪರ್ಫ್ಟ್ ಎಂಬ ಪರೀಕ್ಷೆ ಇದೆ. ಆಟದ ಶುರುವಿನಿಂದ ಇಷ್ಟು ನಡೆ ಆಳಕ್ಕೆ ಹೋದರೆ ಒಟ್ಟು ಎಷ್ಟು ದಾರಿಗಳು ಅಂತ ಎಣಿಸುವುದು, ಅಷ್ಟೇ. ಒಂದರಿಂದ ಐದನೇ ಆಳದವರೆಗೆ ಸರಿಯಾದ ಉತ್ತರ 20, 400, 8,902, 1,97,281, 48,65,609. ನನ್ನ ಮೊದಲ ನಾಲ್ಕೂ ಸರಿ ಬಂದವು. ಐದನೆಯದಕ್ಕೆ ಓಡಿಸಿ ಊಟಕ್ಕೆ ಹೋದೆ. ಬಂದು ನೋಡಿದರೆ 48,65,351. ಸರಿಯಾಗಿ 258 ಕಮ್ಮಿ.

ಎರಡು ರಾತ್ರಿ ಹುಡುಕಿದೆ. ನಾಲ್ಕನೇ ಆಳದವರೆಗೆ ಬರದೆ ಐದರಲ್ಲಿ ಮಾತ್ರ ಬರುವಂಥದ್ದು ಏನು? ಬಿಳಿ ಕಾಲಾಳು ಎರಡು ಮನೆ, ಆಮೇಲೆ ಇನ್ನೊಂದು ಮನೆ ಮುಂದೆ ಹೋಗಿರುತ್ತದೆ. ಕಪ್ಪು ಕಾಲಾಳು ಅದರ ಪಕ್ಕಕ್ಕೇ ಎರಡು ಮನೆ ಹಾರಿ ಬರುತ್ತದೆ. ಐದನೇ ನಡೆಗೆ ಬಿಳಿ ಕಾಲಾಳು, ಅದು ಹಾರಿ ದಾಟಿದ ಮನೆಗೆ ಓರೆಯಾಗಿ ಹೋಗಿ ಅದನ್ನು ಹೊಡೆಯಬಹುದು. ಆನ್ ಪಾಸಾಂಟ್ ಅನ್ನುವ ನಿಯಮ! ನಾನು ಅದನ್ನು ಬರೆದೇ ಇರಲಿಲ್ಲ.

ಮರೆತದ್ದಕ್ಕೆ ಕಾರಣವೂ ಇದೆ. ಚದುರಂಗ ಕಲಿತದ್ದು ತಾತನ ಹತ್ತಿರ, ಜಗಲಿಯ ಮೇಲೆ. ನಮ್ಮ ಹಳೇ ಆಟದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ಎರಡು ಮನೆ ಹಾರುವುದೇ ಇಲ್ಲ ಅಂದಮೇಲೆ ಹಾರಿದವನನ್ನು ಹಿಡಿಯುವ ನಿಯಮ ಯಾಕೆ ಬೇಕು? ಎರಡು ಮನೆಯ ನಡೆಯನ್ನು ಶಾಲೆಯಲ್ಲಿ ಕಲಿತೆ, ಇದು ಮಾತ್ರ ತಲೆಗೆ ಹತ್ತಿರಲಿಲ್ಲ.

ಸೇರಿಸಿದೆ. ಈಗ ಲೆಕ್ಕ ಇನ್ನೂ ಹದಗೆಟ್ಟಿತು. ನಡೆ ವಾಪಸ್ ತೆಗೆಯುವಾಗ, ಸತ್ತ ಕಾಲಾಳನ್ನು ಹೊಡೆದವನು ಬಂದು ನಿಂತ ಮನೆಗೆ ಇಡುತ್ತಿದ್ದೆ. ಅದು ಸತ್ತದ್ದು ಪಕ್ಕದ ಮನೆಯಲ್ಲಿ. ಈ ಒಂದು ನಡೆಯಲ್ಲಿ ಮಾತ್ರ ಹೊಡೆದ ಜಾಗ ಬೇರೆ, ನಿಂತ ಜಾಗ ಬೇರೆ. ಒಂದು ಸಾಲು ತಿದ್ದಿದ ಮೇಲೆ 48,65,609 ಬಂತು.

ಯೋಚನೆಯ ಭಾಗ ಮಿನಿಮ್ಯಾಕ್ಸ್, ಅಂದರೆ ಎದುರಾಳಿ ತನಗೆ ಒಳ್ಳೆಯ ನಡೆಯನ್ನೇ ಆಡುತ್ತಾನೆ ಅಂದುಕೊಂಡು ನಮಗೆ ಒಳ್ಳೆಯದನ್ನು ಆರಿಸುವುದು. ಅದಕ್ಕೆ ಆಲ್ಫಾ-ಬೀಟಾ ಕತ್ತರಿ, ಅಂದರೆ ನೋಡಿ ಪ್ರಯೋಜನವಿಲ್ಲದ ದಾರಿಗಳನ್ನು ಕತ್ತರಿಸಿ ಬಿಡುವುದು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲ ಕಡೆ ಸಿಗುತ್ತದೆ. ಕಾಲಾಳಿಗೆ 100, ಕುದುರೆಗೆ 320, ಒಂಟೆಗೆ 330, ಆನೆಗೆ 500, ಮಂತ್ರಿಗೆ 900 ಬೆಲೆ ಕೊಟ್ಟೆ. ಮೂರು ನಡೆ ಆಳಕ್ಕೆ ಬಿಟ್ಟಾಗ ಅದು ಒಂಟೆಯಿಂದ ಕಾಲಾಳು ಹೊಡೆದು ಒಂಟೆಯನ್ನೇ ಕಳೆದುಕೊಂಡಿತು. ಅದರ ಲೆಕ್ಕ ಹೀಗಿತ್ತು: 100 ಬಂತು, 330 ಹೋಯಿತು, ಮಂತ್ರಿಯಿಂದ ಕುದುರೆ ಹೊಡೆದರೆ 320 ಬಂತು, ಲಾಭ 90. ಆ ಕುದುರೆಗೆ ಕಾವಲಿತ್ತು, ನಾಲ್ಕನೇ ನಡೆಗೆ ಮಂತ್ರಿ ಹೋಗುತ್ತಿತ್ತು. ಮೂರರ ಆಚೆ ಅದಕ್ಕೆ ಕಣ್ಣಿಲ್ಲವಲ್ಲ! ಹೊಡೆದಾಟ ಮುಗಿಯುವ ತನಕ ಬರೀ ಹೊಡೆತಗಳನ್ನು ನೋಡುತ್ತಾ ಹೋಗುವ ಕ್ವಯೆಸೆನ್ಸ್ ಹುಡುಕಾಟ ಸೇರಿಸಿದ ಮೇಲೆ ಈ ದುರಾಸೆ ನಿಂತಿತು.

ಹೋದ ತಿಂಗಳು ತಾತನ ನಿಯಮಗಳಿಗೂ ಒಂದು ಸ್ವಿಚ್ ಹಾಕಿದೆ. ಕಾಲಾಳಿಗೆ ಒಂದೇ ಮನೆ, ರಾಜನಿಗೆ ಆಟದಲ್ಲಿ ಒಂದು ಸಲ ಕುದುರೆ ನಡೆ. ಇದಕ್ಕೆ ಹೋಲಿಸಿ ನೋಡಲು ಸಿದ್ಧ ಅಂಕಿ ಸಿಗಲಿಲ್ಲ. ಪ್ರೋಗ್ರಾಮ್ ಮೊದಲ ನಡೆಗೆ 14 ಅಂದಿತು. ಬೋರ್ಡು ಹರಡಿಕೊಂಡು ಕೈಯಲ್ಲೇ ಎಣಿಸಿದೆ: ಕಾಲಾಳು ಎಂಟು, ಕುದುರೆಗಳದ್ದು ನಾಲ್ಕು, ರಾಜನದ್ದು ಎರಡು.