ಅಗೆಯದೆ ಕಟ್ಟುವ ತರಕಾರಿ ಮಡಿ

ಚಿಕ್ಕಬಳ್ಳಾಪುರದ ಕೆಂಪು ನೆಲ ಬೇಸಿಗೆಯಲ್ಲಿ ಗುದ್ದಲಿಗೂ ಬಗ್ಗುವುದಿಲ್ಲ. ತರಕಾರಿಗಾಗಿ ಅದನ್ನು ಬಗ್ಗಿಸಬೇಕಾಗಿಯೂ ಇಲ್ಲ. ಹಿತ್ತಲಿನ ನೆಲದ ಮೇಲೆಯೇ ಕಸಕಡ್ಡಿ, ಸಗಣಿ, ಸೊಪ್ಪನ್ನು ಪದರ ಪದರವಾಗಿ ಹಾಸಿ ತೇವವಾಗಿಟ್ಟರೆ ಕೆಳಗಿನ ಮಣ್ಣನ್ನು ಎರೆಹುಳುಗಳೇ ಸಡಿಲಗೊಳಿಸುತ್ತವೆ. ಯುಗಾದಿ ಕಳೆದ ಮೇಲೆ ಕಟ್ಟಿದರೆ ಮುಂಗಾರಿಗೆ ಸಸಿ ನೆಡಬಹುದು.

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗವಿರಲಿ. ಅಗಲ 4 ಅಡಿ ಮೀರಬಾರದು. ಎರಡೂ ಬದಿಯಿಂದ ಕೈಗೆ ಎಟುಕಿದರೆ ಮಡಿಯನ್ನು ತುಳಿಯುವ ಪ್ರಮೇಯ ಬರುವುದಿಲ್ಲ. ಅಂಚಿಗೆ ಸೈಜುಗಲ್ಲು ಸಾಕು. ಕಳೆಯನ್ನು ನೆಲಮಟ್ಟಕ್ಕೆ ಕೊಯ್ದು ಅಲ್ಲಿಯೇ ಬಿಡಿ. ಜೇಕಿನ ಗಡ್ಡೆಯನ್ನು ಮಾತ್ರ ಕಿತ್ತುಹಾಕಲೇಬೇಕು, ಅದು ಎಂಥ ಹೊದಿಕೆಯನ್ನೂ ತೂರಿಕೊಂಡು ಬರುತ್ತದೆ.

ನೆಲವನ್ನು ಚೆನ್ನಾಗಿ ತೋಯಿಸಿ, 8–10 ಹಾಳೆ ದಪ್ಪಕ್ಕೆ ಹಳೆಯ ದಿನಪತ್ರಿಕೆ ಹಾಸಿ. ಅಂಚುಗಳು ಅರ್ಧ ಅಡಿ ಒಂದರ ಮೇಲೊಂದು ಕೂರಬೇಕು. ರಟ್ಟನ್ನೂ ಬಳಸಬಹುದು, ಆದರೆ ನಮ್ಮ ನೆಲದಲ್ಲಿ ಒಣರಟ್ಟು ಸಿಕ್ಕರೆ ಗೆದ್ದಲು ಬಿಡುವುದಿಲ್ಲ. ಅದಕ್ಕೇ ನಾನು ಪತ್ರಿಕೆಯನ್ನೇ ಹೇಳುವುದು. ಮೇಲೆ ಒಂದೆರಡು ಹಿಡಿ ಬೇವಿನ ಹಿಂಡಿ ಉದುರಿಸಿ. ಮಡಿ ಒಣಗದಂತೆ ನೋಡಿಕೊಳ್ಳುವುದೇ ಗೆದ್ದಲಿಗೆ ದೊಡ್ಡ ತಡೆ.

ಇನ್ನು ಪದರಗಳು. ಮೊದಲು 4 ಅಂಗುಲ ಒಣವಸ್ತು: ತರಗೆಲೆ, ಕಡಲೆಕಾಯಿ ಸಿಪ್ಪೆ, ಹಸು ತಿಂದು ಬಿಟ್ಟ ರಾಗಿಹುಲ್ಲಿನ ಕಡ್ಡಿ. ಮೇಯಲು ಬರುವ ಹುಲ್ಲನ್ನು ಮಡಿಗೆ ಸುರಿಯಬೇಡಿ. ಈ ಬಯಲುಸೀಮೆಯಲ್ಲಿ ಅದು ಹಸುವಿನ ಪಾಲು. ಅದರ ಮೇಲೆ 2 ಅಂಗುಲ ಸಗಣಿ, ಹೊಂಗೆ ಸೊಪ್ಪು, ತರಕಾರಿ ಸಿಪ್ಪೆ. ಪ್ರತಿ ಪದರಕ್ಕೂ ನೀರು. ಒಂದೂವರೆ ಅಡಿ ಎತ್ತರವಾಗುವವರೆಗೆ ಹೀಗೆಯೇ ಹಾಸುತ್ತಾ ಹೋಗಿ, ಕೊನೆಗೆ 3 ಅಂಗುಲ ಕಳಿತ ಕೊಟ್ಟಿಗೆ ಗೊಬ್ಬರ ಹರಡಿ. ಒಣಗಿದ್ದೇ ಹೆಚ್ಚಾದರೆ ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕವನ್ನೆಲ್ಲ ತಾವೇ ಹಿಡಿದಿಟ್ಟುಕೊಂಡು ಗಿಡ ಹಳದಿಯಾಗುತ್ತದೆ. ಹಸಿಯೇ ಹೆಚ್ಚಾದರೆ ಮಡಿ ನಾರುತ್ತದೆ. ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ಹನಿಯಷ್ಟೇ ಬಂದರೆ ತೇವ ಸರಿಯಾಗಿದೆ.

ರೇಷ್ಮೆ ಸಾಕುವ ಮನೆಯವರಿಗೆ ಒಂದು ಅನುಕೂಲವಿದೆ. ಹುಳುವಿನ ಹಿಕ್ಕೆ, ತಿಂದು ಉಳಿದ ಹಿಪ್ಪುನೇರಳೆ ಎಲೆ ಒಳ್ಳೆಯ ಸಾರಜನಕದ ಮೂಲ. ಆದರೆ ಸುಣ್ಣದ ಪುಡಿ ಬಿದ್ದ, ರೋಗ ತಗುಲಿದ ಕಸ ಬೇಡ. ಹಿಪ್ಪುನೇರಳೆ ಕಡ್ಡಿಯನ್ನು ಪೂರ್ತಿ ಒಣಗಿಸಿಯೇ ಹಾಕಿ, ಹಸಿಯಾಗಿದ್ದರೆ ಮಡಿಯಲ್ಲೇ ಚಿಗುರುತ್ತದೆ.

ಆರರಿಂದ ಎಂಟು ವಾರಗಳಲ್ಲಿ ರಾಶಿ ಕುಸಿಯುತ್ತದೆ. ಕೈಯಿಟ್ಟಾಗ ಒಳಗೆ ಬಿಸಿಯಿದ್ದರೆ ಇನ್ನೂ ಕಾಯಿರಿ. ತಣ್ಣಗಾದ ಮೇಲೆ ಕೈಯಿಂದ ಗುಳಿ ಮಾಡಿ, ಎರಡು ಹಿಡಿ ಎರೆಗೊಬ್ಬರ ತುಂಬಿ ಬದನೆ, ಮೆಣಸಿನಕಾಯಿ ಸಸಿ ನೆಡಿ. ಹೀರೆ, ಕುಂಬಳದ ಬೀಜವನ್ನು ಅದೇ ಗುಳಿಗೆ ಹಾಕಬಹುದು. ಮೂಲಂಗಿ, ಕ್ಯಾರೆಟ್ ಮುಂದಿನ ವರ್ಷಕ್ಕಿರಲಿ. ಅರೆಕೊಳೆತ ಕಡ್ಡಿಗಳ ನಡುವೆ ಗಡ್ಡೆ ನೆಟ್ಟಗೆ ಇಳಿಯುವುದಿಲ್ಲ. ಬುಡಕ್ಕೆ ಎರಡು ಅಂಗುಲ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಿರಲಿ.

ಫಸಲು ಮುಗಿದಾಗ ಗಿಡವನ್ನು ಕೀಳದೆ ಬುಡಕ್ಕೆ ಕತ್ತರಿಸಿ ಬೇರನ್ನು ಒಳಗೇ ಬಿಡಿ. ಆಮೇಲೆ ವರ್ಷಕ್ಕೊಮ್ಮೆ ಮೇಲಿನಿಂದ ಎರಡು ಅಂಗುಲ ಗೊಬ್ಬರ ಹಾಕಿದರೆ ಸಾಕು.